ಚಪ್ಪಾಳೆ ಹೊಡೆಯುವ ಮೊದಲು, ಹುಕುಂ ಏನಿತ್ತು ಅಂತ ಕೇಳೋಣ

ನಮ್ಮೂರ ಹನುಮಪ್ಪನ ಗುಡಿ ಕಟ್ಟೆಯ ಮೇಲೆ ಹೋದ ತಿಂಗಳು ಒಂದು ಸಂಜೆ ನಾಲ್ಕೈದು ಹುಡುಗರು ಒಂದೇ ಫೋನಿಗೆ ತಲೆ ಹಾಕಿ ಕೂತಿದ್ದರು. ಸೈನಿಕರ ಕತೆಯಿರುವ ಯಾವುದೋ ಸೀರೀಸಿನ ತುಣುಕು ಅದು. ಊರಿಗೆ ಬೆಂಕಿ ಬಿದ್ದಿದೆ, ಜನ ಚೀರುತ್ತಿದ್ದಾರೆ, ಒಬ್ಬ ಸೈನಿಕ ಉರಿಯುವ ಮನೆಯೊಳಗೆ ನುಗ್ಗಿ ಕೂಸನ್ನು ಎದೆಗವಚಿಕೊಂಡು ಹೊರಗೆ ಓಡಿ ಬರುತ್ತಾನೆ. ಹಿಂದಿನಿಂದ ಗುಂಡು ಹಾರಿ ಬರುತ್ತಿವೆ, ಅವನಿಗೆ ಒಂದೂ ತಾಗುವುದಿಲ್ಲ. ಹುಡುಗರು ಶಿಳ್ಳೆ ಹೊಡೆದರು. ಒಬ್ಬ ಅದನ್ನು ಆಗಲೇ ಸ್ಟೇಟಸ್ಸಿಗೆ ಹಾಕಿದ.

ಪಕ್ಕದಲ್ಲಿ ಕೂತಿದ್ದ ನಮ್ಮ ಕಾಕಾ ಅದನ್ನು ನೋಡಿ ಒಂದೇ ಮಾತು ಕೇಳಿದರು.

“ಅವಂಗ ಒಳಗ ಹೋಗು ಅಂತ ಹುಕುಂ ಯಾರ ಕೊಟ್ಟಿದ್ರೋ?”

“ಹುಕುಂ ಯಾಕ ಬೇಕ್ರಿ ಕಾಕಾ? ಕೂಸು ಸಾಯಾಕತ್ತಿತ್ತಲ್ರಿ!”

ಕಾಕಾ ಮುಂದೆ ಏನೂ ಹೇಳಲಿಲ್ಲ. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಮನೆ ಕಡೆ ನಡೆದರು.

ಕಾಕಾ ಇಪ್ಪತ್ತು ವರ್ಷ ಸೇನೆಯಲ್ಲಿದ್ದು ಬಂದವರು. ಅದರಲ್ಲಿ ಒಂದು ವರ್ಷ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಜೊತೆ ಆಫ್ರಿಕಾದ ಕಾಂಗೋ ದೇಶದಲ್ಲಿದ್ದರು. ನೀಲಿ ಟೊಪ್ಪಿಗೆ ಹಾಕಿಕೊಂಡ ಅವರ ಫೋಟೋ ಪಡಸಾಲೆಯ ಗೋಡೆಯ ಮೇಲಿದೆ. ನಾನು ಸಣ್ಣವನಿದ್ದಾಗ ಅದನ್ನು ತೋರಿಸಿ “ಎಷ್ಟ ಮಂದಿನ್ನ ಉಳಿಸಿದ್ರಿ ಕಾಕಾ?” ಅಂತ ಕೇಳುತ್ತಿದ್ದೆ. ಅವರು ಮಾತು ತಿರುಗಿಸಿ ಅಲ್ಲಿಯ ಮಳೆ, ಅಲ್ಲಿಯ ಬಾಳೆಹಣ್ಣಿನ ಸುದ್ದಿ ಹೇಳುತ್ತಿದ್ದರು.

ಅವರು ಕಟ್ಟೆಯ ಮೇಲೆ ಕೇಳಿದ ಪ್ರಶ್ನೆ ಎಷ್ಟು ದೊಡ್ಡದು ಅಂತ ನನಗೆ ಗೊತ್ತಿದ್ದದ್ದು ಒಂದು ಸೀರೀಸಿನಿಂದ. ನಾನು ಪತ್ರಿಕೋದ್ಯಮ ಓದುವಾಗ ನಮ್ಮ ಮೇಷ್ಟ್ರು ಅದನ್ನು ತರಗತಿಯಲ್ಲಿ ತೋರಿಸಿದ್ದರು. ಹೆಸರು ‘ವಾರಿಯರ್ಸ್’. ಬ್ರಿಟನ್ನಿನ ಬಿಬಿಸಿ 1999ರ ನವೆಂಬರಿನಲ್ಲಿ ಪ್ರಸಾರ ಮಾಡಿದ್ದು. ಎರಡೇ ಭಾಗ. ಜನರನ್ನು ಕಾಪಾಡಲು ಹೋದ ಸೈನಿಕರ ಕತೆ ಅದು. ಆದರೆ ಅದರಲ್ಲಿ ಶಿಳ್ಳೆ ಹೊಡೆಯುವಂಥ ಒಂದು ದೃಶ್ಯವೂ ಇಲ್ಲ.

ಕತೆ ನಡೆಯುವುದು ಎಲ್ಲಿ

ಯುರೋಪಿನಲ್ಲಿ ಯುಗೊಸ್ಲಾವಿಯಾ ಅಂತ ಒಂದು ದೇಶ ಇತ್ತು. 1991ರಿಂದ ಅದು ಒಡೆದು ತುಂಡಾಗತೊಡಗಿತು. ಆ ತುಂಡುಗಳಲ್ಲಿ ಒಂದು ಬೋಸ್ನಿಯಾ. ಅಲ್ಲಿ ಬೋಸ್ನಿಯಾದ ಮುಸ್ಲಿಮರು, ಸರ್ಬರು, ಕ್ರೊಯೇಟರು ಮೂರೂ ಜನ ಒಂದೇ ಊರಲ್ಲಿ, ಒಂದೇ ಓಣಿಯಲ್ಲಿ ಇದ್ದರು. ಮಾತಾಡುತ್ತಿದ್ದದ್ದು ಹೆಚ್ಚುಕಡಿಮೆ ಒಂದೇ ಭಾಷೆ. ಮದುವೆ ಸಂಬಂಧಗಳೂ ಆಗಿದ್ದವು. 1992ರಲ್ಲಿ ಯುದ್ಧ ಶುರುವಾದ ಮೇಲೆ ಇದು ನಮ್ಮ ಜಾಗ, ಇಲ್ಲಿ ನೀವು ಇರಕೂಡದು ಅಂತ ಬಂದೂಕು ಹಿಡಿದು ಓಡಿಸುವ ಕೆಲಸ ಊರೂರಿನಲ್ಲಿ ನಡೆಯಿತು. ಓಡದವರನ್ನು ಕೊಂದರು. ‘ಜನಾಂಗೀಯ ಶುದ್ಧೀಕರಣ’ ಎಂಬ ಮಾತು ಜಗತ್ತಿನ ಪತ್ರಿಕೆಗಳಲ್ಲಿ ದಿನವೂ ಬರತೊಡಗಿದ್ದು ಆಗಲೇ. ಕೊಂದವರಲ್ಲಿ ಮೂರೂ ಕಡೆಯವರಿದ್ದರು. ಸತ್ತವರಲ್ಲಿ ಹೆಚ್ಚಿನವರು ಬೋಸ್ನಿಯಾದ ಮುಸ್ಲಿಮರು. 1995ರ ಕೊನೆಗೆ ಯುದ್ಧ ನಿಲ್ಲುವಷ್ಟರಲ್ಲಿ ಸುಮಾರು ಒಂದು ಲಕ್ಷ ಜನ ಸತ್ತಿದ್ದರು.

ವಿಶ್ವಸಂಸ್ಥೆ ಅಲ್ಲಿಗೆ ಪಡೆ ಕಳಿಸಿತು. ವಿಶ್ವಸಂಸ್ಥೆಗೆ ತನ್ನದೇ ಸೇನೆ ಇಲ್ಲ ಎನ್ನುವುದು ನೆನಪಿರಲಿ. ಬೇರೆ ಬೇರೆ ದೇಶಗಳು ತಮ್ಮ ಸೈನಿಕರನ್ನು ಕೊಡುತ್ತವೆ, ಅವರು ನೀಲಿ ಟೊಪ್ಪಿಗೆ ಹಾಕಿಕೊಂಡು ಕೆಲಸ ಮಾಡುತ್ತಾರೆ. ಅವರು ಏನು ಮಾಡಬಹುದು, ಏನು ಮಾಡಕೂಡದು ಎನ್ನುವುದನ್ನು ಹದಿನೈದು ದೇಶಗಳಿರುವ ಭದ್ರತಾ ಮಂಡಳಿ ಒಂದು ಕಾಗದದಲ್ಲಿ ಬರೆಯುತ್ತದೆ. ಕಾಕಾ ಹೇಳುವ ಹುಕುಂ ಹುಟ್ಟುವುದು ಅಲ್ಲಿ.

ಈ ಯುಗೊಸ್ಲಾವಿಯಾ ಪಡೆಯ ಮೊದಲ ದಂಡನಾಯಕರು ಭಾರತದವರು, ಲೆಫ್ಟಿನೆಂಟ್ ಜನರಲ್ ಸತೀಶ್ ನಂಬಿಯಾರ್. ಮರಾಠಾ ಲೈಟ್ ಇನ್‌ಫೆಂಟ್ರಿಯಿಂದ ಬಂದವರು. ಆ ಪಡೆಯ ರೆಜಿಮೆಂಟಲ್ ಸೆಂಟರ್ ಇರುವುದು ನಮ್ಮ ಬೆಳಗಾವಿಯಲ್ಲಿ. 1992ರ ಮಾರ್ಚಿನಿಂದ 1993ರ ಮಾರ್ಚಿನವರೆಗೆ ಅವರು ಆ ಹೊಣೆ ಹೊತ್ತಿದ್ದರು. ದೂರದ ಯುರೋಪಿನ ಕತೆ, ನಮಗೇನು ಅಂತ ಅನ್ನಿಸಿದರೆ ಇದನ್ನೊಮ್ಮೆ ನೆನೆಸಿಕೊಳ್ಳಿ.

ಬೋಸ್ನಿಯಾದಲ್ಲಿ ಪಡೆಗೆ ಕೊಟ್ಟ ಮುಖ್ಯ ಕೆಲಸ ಊಟ, ಔಷಧಿ ಹೊತ್ತ ಲಾರಿಗಳಿಗೆ ಕಾವಲು ಕೊಡುವುದು. 1992ರ ಸೆಪ್ಟೆಂಬರಿನ ನಿರ್ಣಯದಲ್ಲಿ ಹಾಗೇ ಇತ್ತು. ಹಿಟ್ಟಿನ ಚೀಲಕ್ಕೆ ಕಾವಲು ಬರೆದರು. ಹಿಟ್ಟು ತಿನ್ನುವ ಜನರಿಗೆ ಕಾವಲು ಬರೆಯಲಿಲ್ಲ.

ಹತ್ತಿಸಿಕೊಂಡವರನ್ನು ಇಳಿಸುವ ದೃಶ್ಯ

‘ವಾರಿಯರ್ಸ್’ ಸೀರೀಸಿನ ಸೈನಿಕರು ಬ್ರಿಟನ್ನಿನವರು. ಇಪ್ಪತ್ತು, ಇಪ್ಪತ್ತೈದರ ಹುಡುಗರು. ನಮ್ಮ ಕಟ್ಟೆಯ ಹುಡುಗರಿಗಿಂತ ಬೇರೆಯಲ್ಲ. ತಮಾಷೆ ಮಾಡುತ್ತ, ಒಬ್ಬರನ್ನೊಬ್ಬರು ರೇಗಿಸುತ್ತ ಹೊರಡುತ್ತಾರೆ. ಅವರನ್ನು ನಡುಬೋಸ್ನಿಯಾದ ವಿತೇಜ್ ಎಂಬ ಊರಿನ ಸುತ್ತ ಹಾಕುತ್ತಾರೆ. ಅವರ ಬಳಿ ಇರುವ ಉಕ್ಕಿನ ವಾಹನದ ಹೆಸರೇ ವಾರಿಯರ್. 25 ಟನ್ ತೂಕ, ಮೇಲೊಂದು 30 ಮಿಲಿಮೀಟರ್ ತೋಪು, ಮೈಗೆಲ್ಲ ಬಿಳಿ ಬಣ್ಣ, ಅದರ ಮೇಲೆ ‘ಯುಎನ್’ ಅಂತ ಕಪ್ಪು ಅಕ್ಷರ. ಅಂಥ ವಾಹನ ಊರಿಗೆ ಬಂದರೆ ಜನ ಏನು ತಿಳಿದುಕೊಳ್ಳುತ್ತಾರೆ ಹೇಳಿ? ನಮ್ಮನ್ನು ಕಾಯುವವರು ಬಂದರು ಅಂತಲೇ ತಿಳಿಯುತ್ತಾರೆ.

ಒಂದು ಕಡೆ ಸೈನಿಕರು ಕಣ್ಣೆದುರಿಗೆ ಸಾವಿನ ಭಯದಲ್ಲಿರುವ ಹೆಂಗಸರು, ಮುದುಕರು, ಮಕ್ಕಳನ್ನು ವಾಹನದೊಳಗೆ ಹತ್ತಿಸಿಕೊಳ್ಳುತ್ತಾರೆ. ಮೇಲಿನಿಂದ ಹುಕುಂ ಬರುತ್ತದೆ: ಇಳಿಸಿ. ಕಾರಣವನ್ನೂ ಹೇಳುತ್ತಾರೆ. ಈ ಜನರನ್ನು ಇಲ್ಲಿಂದ ಸಾಗಿಸಿದರೆ ಓಡಿಸಲು ಬಂದವರ ಕೆಲಸವನ್ನು ನಾವೇ ಮಾಡಿಕೊಟ್ಟಂತೆ. ನಾವು ಯಾರ ಪರವೂ ಅಲ್ಲ. ಹತ್ತಿಸಿಕೊಂಡ ಕೈಗಳೇ ಇಳಿಸಬೇಕು. ಬಾಗಿಲು ತೆರೆದು ಕಾಯುತ್ತಿರುವ ಆ ಹುಡುಗರ ಮುಖ ನೋಡುವುದು ಕಷ್ಟ.

ಇದು ಬರೆದವರ ಕಲ್ಪನೆ ಮಾತ್ರ ಅಂತ ತಿಳಿಯಬೇಡಿ. ನಿರ್ದೇಶಕ ಪೀಟರ್ ಕೊಸ್ಮಿನ್ಸ್ಕಿ ಸಾಕ್ಷ್ಯಚಿತ್ರದಿಂದ ಬಂದವರು. ಬೋಸ್ನಿಯಾಕ್ಕೆ ಹೋಗಿ ಬಂದ ಸೈನಿಕರನ್ನು ಕೂರಿಸಿ ಮಾತಾಡಿಸಿ, ಅವರು ಹೇಳಿದ್ದರ ಮೇಲೆ ಕತೆ ಕಟ್ಟಿದರು. ಬರೆದವರು ಲೀ ಜಾಕ್ಸನ್. ಪಾತ್ರಗಳ ಹೆಸರು ಕಟ್ಟಿದ್ದು, ನೋವು ಕಟ್ಟಿದ್ದಲ್ಲ. ಮರುವರ್ಷ ಅದಕ್ಕೆ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿ ಬಂತು. ಅದರಲ್ಲಿ ನಟಿಸಿದ ಡೇಮಿಯನ್ ಲೂಯಿಸ್ ಮುಂದೆ ‘ಬ್ಯಾಂಡ್ ಆಫ್ ಬ್ರದರ್ಸ್’ ಎಂಬ ಯುದ್ಧದ ಸೀರೀಸಿನಲ್ಲಿ ಜಗತ್ತಿಗೆಲ್ಲ ಪರಿಚಯವಾದರು.

ಸೀರೀಸಿನಲ್ಲಿ ಬರುವ ಅಹ್ಮಿಚಿ ಎಂಬ ಊರೂ ನಿಜ. ವಿತೇಜ್‌ನಿಂದ ಕೆಲವೇ ಕಿಲೋಮೀಟರ್ ದೂರ. 1993ರ ಏಪ್ರಿಲ್ 16ರ ನಸುಕಿನಲ್ಲಿ ಕ್ರೊಯೇಟ್ ಪಡೆಯವರು ಆ ಊರಿನ ಮುಸ್ಲಿಂ ಮನೆಗಳ ಮೇಲೆ ಬಿದ್ದರು. ಪಕ್ಕದ ಕ್ರೊಯೇಟ್ ಮನೆಗಳನ್ನು ಬಿಟ್ಟು ಮುಸ್ಲಿಮರ ಮನೆಗಳನ್ನಷ್ಟೇ ಆರಿಸಿ ಸುಟ್ಟರು. ನೂರಕ್ಕೂ ಹೆಚ್ಚು ಜನರನ್ನು ಕೊಂದರು. ಸತ್ತವರಲ್ಲಿ ಮೂರು ತಿಂಗಳ ಕೂಸೂ ಇತ್ತು. ಆರು ದಿನದ ನಂತರ ಬ್ರಿಟಿಷ್ ಸೈನಿಕರು ಅಲ್ಲಿಯ ಮನೆಯೊಂದರಲ್ಲಿ ಸುಟ್ಟ ಹೆಣಗಳನ್ನು ಕಂಡರು. ಟಿವಿಯ ಕ್ಯಾಮೆರಾ ಜೊತೆಗಿತ್ತು, ಜಗತ್ತು ಆ ಚಿತ್ರ ನೋಡಿತು.

ಈಗ ಒಂದು ವಿಷಯ ಕೇಳಿ. ಅದೇ ಏಪ್ರಿಲ್ 16ರಂದು ಭದ್ರತಾ ಮಂಡಳಿ ಬೋಸ್ನಿಯಾದ ಇನ್ನೊಂದು ಊರಾದ ಸ್ರೆಬ್ರೆನಿತ್ಸಾವನ್ನು ‘ಸುರಕ್ಷಿತ ಪ್ರದೇಶ’ ಅಂತ ಘೋಷಿಸಿತು. ಕಾಗದದ ಮೇಲೆ ಸುರಕ್ಷೆ ಬಂತು. ಅದನ್ನು ನಂಬಿ ಸುತ್ತಲಿನ ಜನ ಆ ಊರಿಗೆ ಬಂದು ತುಂಬಿದರು. ಕಾಯಲು ಕೊನೆಗೆ ಇದ್ದವರು ಕೆಲವು ನೂರು ಡಚ್ ಸೈನಿಕರು. 1995ರ ಜುಲೈ 11ರಂದು ಸರ್ಬ್ ಪಡೆ ಊರನ್ನು ಹಿಡಿಯಿತು. ಮುಂದಿನ ಕೆಲವೇ ದಿನಗಳಲ್ಲಿ ಸುಮಾರು 8,000 ಗಂಡಸರು, ಹುಡುಗರನ್ನು ಕೊಂದರು. ಏಳು ವರ್ಷದ ನಂತರ, 2002ರಲ್ಲಿ, ಈ ಬಗ್ಗೆ ತನಿಖಾ ವರದಿ ಬಂದಾಗ ನೆದರ್ಲೆಂಡ್ಸ್ ಸರ್ಕಾರವೇ ರಾಜೀನಾಮೆ ಕೊಟ್ಟಿತು. ಸೈನಿಕರನ್ನು ಕಳಿಸಿದವರಿಗೂ ಹೊಣೆ ಇದೆ ಅಂತ ಒಂದು ಸರ್ಕಾರ ಒಪ್ಪಿಕೊಂಡದ್ದು ಅಪರೂಪದ ಸಂಗತಿ.

ಹುಕುಂ ಮೀರಬೇಕಿತ್ತಲ್ಲವೇ?

ತರಗತಿಯಲ್ಲಿ ಸೀರೀಸು ಮುಗಿದ ಮೇಲೆ ನಾವೆಲ್ಲ ಕೂಗಾಡಿದ್ದೆವು. “ಅಷ್ಟು ದೊಡ್ಡ ತೋಪು ಇಟ್ಟುಕೊಂಡು ಸುಮ್ಮನೆ ನಿಂತರಲ್ಲ, ಹುಕುಂ ಹರಿದು ಬಿಸಾಕಬೇಕಿತ್ತು” ಅಂತ. ಮೇಷ್ಟ್ರು ಒಂದು ಮಾತು ಕೇಳಿದರು: “ಸೈನಿಕನೊಬ್ಬ ತನಗೆ ಸರಿ ಕಂಡಾಗ ಗುಂಡು ಹಾರಿಸುವ ಊರಿನಲ್ಲಿ ನೀವು ಇರುತ್ತೀರಾ?” ಯಾರೂ ಕೈ ಎತ್ತಲಿಲ್ಲ.

ಅದೇ ಇದರ ಕಷ್ಟ. ಬಂದೂಕು ಹಿಡಿದವನು ಹುಕುಂ ಕೇಳಬೇಕು ಅನ್ನುವುದು ಸಣ್ಣ ನಿಯಮವಲ್ಲ. ಬಂದೂಕಿಲ್ಲದ ನಮ್ಮಂಥವರು ಬದುಕಿರುವುದು ಆ ನಿಯಮದ ನೆರಳಲ್ಲಿ. ಬೋಸ್ನಿಯಾದಲ್ಲಿ ಕೊಂದವರೂ ಸಮವಸ್ತ್ರದವರೇ ಆಗಿದ್ದರು, ಅವರಿಗೂ ತಮ್ಮದೇ ಸರಿ ಅನ್ನಿಸಿತ್ತು.

ಹುಕುಂ ಕೊಟ್ಟವರ ವಾದದಲ್ಲೂ ತಿರುಳು ಇಲ್ಲದಿಲ್ಲ. ಒಂದು ಕಡೆಯವರ ಮೇಲೆ ಗುಂಡು ಹಾರಿಸಿದರೆ ಅವರು ದಾರಿ ಕಟ್ಟುತ್ತಾರೆ. ದಾರಿ ಕಟ್ಟಿದರೆ ಲಾರಿ ಬರುವುದಿಲ್ಲ. ಲಾರಿ ಬರದಿದ್ದರೆ ಚಳಿಗಾಲದಲ್ಲಿ ಸಾವಿರಾರು ಜನ ಹಸಿದು ಸಾಯುತ್ತಾರೆ. ಚದುರಿ ನಿಂತ ಸಣ್ಣ ಸಣ್ಣ ತುಕಡಿಗಳನ್ನು ಸುತ್ತುವರಿದು ಒತ್ತೆ ಇಟ್ಟುಕೊಳ್ಳುವುದೂ ಸುಲಭ. 1995ರಲ್ಲಿ ಸರ್ಬ್ ಪಡೆ ನೂರಾರು ನೀಲಿ ಟೊಪ್ಪಿಗೆಯವರನ್ನು ಹಾಗೆ ಒತ್ತೆ ಇಟ್ಟುಕೊಂಡದ್ದು ನಡೆದ ಸಂಗತಿ.

ಹಾಗಾದರೆ ತಪ್ಪು ಎಲ್ಲಿ? ನನ್ನ ಪ್ರಕಾರ ತಪ್ಪು ವಾಹನದ ಬಾಗಿಲಲ್ಲಿ ನಿಂತ ಹುಡುಗನದ್ದಲ್ಲ. ಕಾಯುವವರ ವೇಷ ಹಾಕಿಸಿ, ಕಾಯುವ ಅಧಿಕಾರ ಕೊಡದೆ ಕಳಿಸಿದವರದ್ದು. ಜನ ಬಿಳಿ ವಾಹನವನ್ನು ನೋಡಿ ಊರಲ್ಲೇ ಉಳಿದರು. ಆ ವಾಹನ ಬರದೇ ಇದ್ದಿದ್ದರೆ ಕೆಲವರಾದರೂ ಮೊದಲೇ ಓಡಿ ಜೀವ ಉಳಿಸಿಕೊಳ್ಳುತ್ತಿದ್ದರೋ ಏನೋ. ಸುಳ್ಳು ಭರವಸೆ ಬರೀ ಭರವಸೆ ಇಲ್ಲದಿರುವುದಕ್ಕಿಂತ ಕೆಟ್ಟದ್ದು.

ಹೀಗಾಗಿ ನಮ್ಮ ಸೀರೀಸುಗಳ ಬಗ್ಗೆ ನನ್ನ ತಕರಾರು ಒಂದೇ. ಅವು ಧೈರ್ಯವನ್ನು ತೋರಿಸುತ್ತವೆ, ಅದರಲ್ಲಿ ತಪ್ಪಿಲ್ಲ. ನಮ್ಮ ಹುಡುಗರು ನಸುಕಿನಲ್ಲಿ ಎದ್ದು ರಸ್ತೆಯಲ್ಲಿ ಓಡಿ ಭರ್ತಿಗೆ ತಯಾರಾಗುವುದಕ್ಕೆ ಅವೂ ಒಂದು ಕಾರಣ ಇರಬಹುದು. ಆದರೆ ಎಲ್ಲವೂ ಒಬ್ಬ ಗಂಡಸಿನ ಎದೆಗಾರಿಕೆಯಲ್ಲಿದೆ ಅಂತ ನಂಬಿಸಿದರೆ ಇನ್ನೊಂದು ಅರ್ಥವೂ ಅದರಲ್ಲಿ ಸೇರಿಕೊಳ್ಳುತ್ತದೆ: ಜನ ಉಳಿಯದಿದ್ದರೆ ಆ ಗಂಡಸು ಹೇಡಿಯಾಗಿದ್ದ ಅಂತ. ಕಾಗದ ಬರೆದವರು, ಸಾಕಷ್ಟು ಪಡೆ ಕೊಡದವರು, ಫೋನು ಎತ್ತದವರು ಎಲ್ಲ ಕತೆಯಿಂದ ಹೊರಗೆ ಉಳಿದುಬಿಡುತ್ತಾರೆ.

ನಮ್ಮ ಸೈನಿಕರೂ ಆ ಬಾಗಿಲಲ್ಲಿ ನಿಂತಿದ್ದಾರೆ

ವಿಶ್ವಸಂಸ್ಥೆಯ ಪಡೆಗಳಲ್ಲಿ ಇದುವರೆಗೆ ಭಾರತದ ಎರಡು ಲಕ್ಷಕ್ಕೂ ಹೆಚ್ಚು ಸೈನಿಕರು ಕೆಲಸ ಮಾಡಿದ್ದಾರೆ. 160ಕ್ಕೂ ಹೆಚ್ಚು ಜನ ಜೀವ ಕೊಟ್ಟಿದ್ದಾರೆ. ಕೊಡಗಿನ ಜನರಲ್ ತಿಮ್ಮಯ್ಯನವರು ಸೈಪ್ರಸ್ ದ್ವೀಪದಲ್ಲಿ ವಿಶ್ವಸಂಸ್ಥೆಯ ಪಡೆಯನ್ನು ನಡೆಸುತ್ತಿದ್ದಾಗಲೇ 1965ರ ಡಿಸೆಂಬರಿನಲ್ಲಿ ತೀರಿಕೊಂಡರು. ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು. ಹಾಗಾಗಿ ‘ವಾರಿಯರ್ಸ್’ನ ಪ್ರಶ್ನೆ ನಮ್ಮ ಪ್ರಶ್ನೆಯೂ ಹೌದು.

ಬೋಸ್ನಿಯಾದ ಪಾಠವನ್ನು ವಿಶ್ವಸಂಸ್ಥೆ ಸ್ವಲ್ಪ ಕಲಿಯಿತು. 1999ರ ನವೆಂಬರಿನಲ್ಲಿ, ಅಂದರೆ ಸೀರೀಸು ಪ್ರಸಾರವಾದ ತಿಂಗಳಲ್ಲೇ, ಅದರ ಮುಖ್ಯಸ್ಥ ಕೋಫಿ ಅನ್ನಾನ್ ಸ್ರೆಬ್ರೆನಿತ್ಸಾದಲ್ಲಿ ನಮ್ಮ ಸಂಸ್ಥೆಯೂ ತಪ್ಪಿತು ಅಂತ ದೊಡ್ಡ ವರದಿ ಕೊಟ್ಟರು. ಅದಕ್ಕೂ ಒಂದು ತಿಂಗಳ ಮೊದಲು ಆಫ್ರಿಕಾದ ಸಿಯೆರಾ ಲಿಯೋನ್ ದೇಶಕ್ಕೆ ಕಳಿಸಿದ ಪಡೆಯ ಹುಕುಂನಲ್ಲಿ ಮೊದಲ ಬಾರಿ ಬಿಡಿಸಿ ಬರೆದರು: ಕೈಲಾದ ಮಟ್ಟಿಗೆ, ಪಡೆ ಇರುವ ಜಾಗದಲ್ಲಿ, ತಕ್ಷಣದ ಹಿಂಸೆಯ ಅಪಾಯದಲ್ಲಿರುವ ನಾಗರಿಕರನ್ನು ಕಾಪಾಡಬೇಕು. ಆ ಪಡೆಯ ಮೊದಲ ದಂಡನಾಯಕರೂ ಭಾರತದವರೇ, ಮೇಜರ್ ಜನರಲ್ ವಿಜಯ್ ಜೇಟ್ಲಿ. ಈಗ ದೊಡ್ಡ ಪಡೆಗಳ ಹುಕುಂನಲ್ಲಿ ಈ ಮಾತು ಇದ್ದೇ ಇರುತ್ತದೆ.

ಹುಕುಂ ಬದಲಾಯಿತು. ಅಷ್ಟರಿಂದಲೇ ಎಲ್ಲ ಸರಿಹೋಯಿತೇ? ಎರಡು ಘಟನೆ ಹೇಳುತ್ತೇನೆ. ಒಂದು ನಾವು ಹೆಮ್ಮೆಪಡುವಂಥದ್ದು, ಇನ್ನೊಂದು ತಲೆ ತಗ್ಗಿಸುವಂಥದ್ದು. ಎರಡೂ ನಮ್ಮ ಸೈನಿಕರವೇ.

2008ರ ನವೆಂಬರಿನಲ್ಲಿ ಕಾಂಗೋದ ಪೂರ್ವ ಭಾಗದ ಕಿವಾಂಜಾ ಎಂಬ ಊರಿನಲ್ಲಿ ಬಂಡುಕೋರರು ಎರಡು ದಿನಗಳಲ್ಲಿ ಸುಮಾರು 150 ಜನರನ್ನು ಕೊಂದರು. ಭಾರತದ ಶಾಂತಿಪಾಲಕರ ಶಿಬಿರ ಅಲ್ಲಿಂದ ಒಂದು ಕಿಲೋಮೀಟರೂ ಇರಲಿಲ್ಲ. ನಾಗರಿಕರನ್ನು ಕಾಪಾಡಿ ಅಂತ ಹುಕುಂನಲ್ಲಿ ಬರೆದಿತ್ತು. ಆದರೆ ಶಿಬಿರದಲ್ಲಿದ್ದದ್ದು ನೂರು ಚಿಲ್ಲರೆ ಸೈನಿಕರು. ಊರೊಳಗೆ ಏನು ನಡೆಯುತ್ತಿದೆ ಅಂತ ಜನರ ಭಾಷೆಯಲ್ಲಿ ಕೇಳಿ ತಿಳಿಯುವ ವ್ಯವಸ್ಥೆ ಸರಿಯಾಗಿ ಇರಲಿಲ್ಲ. ಅದಾದ ಮೇಲೆ ಕಾಂಗೋದ ಶಿಬಿರಗಳಿಗೆ ಅದೇ ನೆಲದ, ಅಲ್ಲಿಯ ಭಾಷೆ ಬಲ್ಲ ಜನರನ್ನು ಸಂಪರ್ಕಕ್ಕೆ ನೇಮಿಸಿದರು. ಹಳ್ಳಿಗಳಿಗೆ ಫೋನು ಕೊಟ್ಟು, ಅಪಾಯ ಕಂಡರೆ ಶಿಬಿರಕ್ಕೆ ಕರೆ ಮಾಡಿ ಅಂದರು. ಇಷ್ಟು ಸರಳ ಕೆಲಸ ಅಷ್ಟು ಹೆಣ ಬಿದ್ದ ಮೇಲೆ ಆಯಿತು.

ಇನ್ನೊಂದು ದಕ್ಷಿಣ ಸುಡಾನಿನದ್ದು. 2013ರ ಡಿಸೆಂಬರಿನಲ್ಲಿ ಅಲ್ಲಿ ಅಂತರ್ಯುದ್ಧ ಹತ್ತಿಕೊಂಡಾಗ ವಿಶ್ವಸಂಸ್ಥೆಯ ಶಿಬಿರಗಳು ಗೇಟು ತೆರೆದವು. ಸಾವಿರಾರು ಜನ ಒಳಗೆ ಬಂದರು. ಅಕೋಬೋ ಎಂಬಲ್ಲಿ ಇದ್ದದ್ದು ಸಣ್ಣ ಶಿಬಿರ, ಅದರಲ್ಲಿದ್ದವರು ಭಾರತದ ಒಂದು ಸಣ್ಣ ತುಕಡಿ. ಆಶ್ರಯ ಕೇಳಿ ಬಂದ ಜನರನ್ನು ಒಳಗೆ ಬಿಟ್ಟುಕೊಂಡಿದ್ದರು. ಡಿಸೆಂಬರ್ 19ರಂದು ಶಸ್ತ್ರಧಾರಿಗಳ ದೊಡ್ಡ ಗುಂಪು ಶಿಬಿರದ ಮೇಲೆ ಬಿತ್ತು. ನಮ್ಮ ಇಬ್ಬರು ಸೈನಿಕರು ಸತ್ತರು. ಆಶ್ರಯ ಪಡೆದವರಲ್ಲೂ ಹಲವರು ಸತ್ತರು. ಎಲ್ಲರನ್ನೂ ಉಳಿಸಲಾಗಲಿಲ್ಲ. ಆದರೂ ಗೇಟು ಮುಚ್ಚಿಕೊಂಡು ಕೂತಿದ್ದರು ಅಂತ ಅವರನ್ನು ಯಾರೂ ಅನ್ನುವಂತಿಲ್ಲ.

ಕಿವಾಂಜಾದ ಸೈನಿಕರು ಹೇಡಿಗಳು, ಅಕೋಬೋದ ಸೈನಿಕರು ವೀರರು ಅಂತ ಬರೆದು ಮುಗಿಸುವುದು ಸುಲಭ. ಎರಡೂ ಕಡೆ ಇದ್ದದ್ದು ಒಂದೇ ಸೇನೆಯ, ಒಂದೇ ತರಬೇತಿಯ ನಮ್ಮಂಥ ಮನೆಗಳ ಮಕ್ಕಳು. ಬೇರೆ ಇದ್ದದ್ದು ಅವರ ಸುತ್ತ: ಎಷ್ಟು ಜನ ಇದ್ದರು, ಏನು ಗೊತ್ತಿತ್ತು, ಮೇಲಿನವರು ಹುಕುಂಅನ್ನು ಹೇಗೆ ಓದಿ ಹೇಳಿದರು. ಸೈನಿಕರನ್ನು ಕೊಡುವ ದೇಶಗಳಿಗೆ ಹುಕುಂ ಬರೆಯುವಾಗಲೂ ಮಾತಾಡುವ ಹಕ್ಕು ಬೇಕು ಅಂತ ಭಾರತ ವಿಶ್ವಸಂಸ್ಥೆಯಲ್ಲಿ ವರ್ಷಗಳಿಂದ ಹೇಳುತ್ತ ಬಂದಿದೆ. ಅದು ನ್ಯಾಯವಾದ ಮಾತು. ಹೆಣ ನಮ್ಮ ಊರಿಗೆ ಬರುವುದಾದರೆ ಕಾಗದ ಬರೆಯುವಾಗ ನಮ್ಮನ್ನೂ ಕೇಳಬೇಕು.

ಮನೆಗೆ ಬಂದ ಮೇಲೆ

‘ವಾರಿಯರ್ಸ್’ ಕತೆ ಬೋಸ್ನಿಯಾದಲ್ಲಿ ಮುಗಿಯುವುದಿಲ್ಲ. ಸೈನಿಕರು ಮನೆಗೆ ಬಂದ ಮೇಲೂ ನಡೆಯುತ್ತದೆ. ನನ್ನನ್ನು ಹೆಚ್ಚು ಕಾಡಿದ್ದು ಆ ಭಾಗ. ಮೈಮೇಲೆ ಗಾಯ ಇಲ್ಲ. ಊರವರು ಕೈಕುಲುಕುತ್ತಾರೆ. ಆದರೆ ಅವರಿಗೆ ಹೆಂಡತಿಯ ಜೊತೆ, ತಂದೆ ತಾಯಿಯ ಜೊತೆ ಮಾತು ಬರುವುದಿಲ್ಲ. ಸಣ್ಣದಕ್ಕೆ ಸಿಟ್ಟು ಸ್ಫೋಟವಾಗುತ್ತದೆ. ಏನಾಯಿತು ಅಂತ ಕೇಳಿದರೆ ಹೇಳಲು ಕತೆಯೇ ಇಲ್ಲ. ಅವರು ಏನೋ ಮಾಡಿದ್ದಕ್ಕೆ ನೋಯುತ್ತಿಲ್ಲ, ಮಾಡಲು ಬಿಡದೇ ಇದ್ದದ್ದಕ್ಕೆ ನೋಯುತ್ತಿದ್ದಾರೆ.

ಕಟ್ಟೆಯ ಮೇಲಿನ ಆ ಸಂಜೆಯ ನಂತರ ನಾನು ಲ್ಯಾಪ್‌ಟಾಪ್ ಹಿಡಿದುಕೊಂಡು ಕಾಕಾನ ಮನೆಗೆ ಹೋದೆ. ಸೀರೀಸು ಹಾಕಿದೆ. ಇಂಗ್ಲಿಷ್ ಮಾತು ಅವರಿಗೆ ಅರ್ಧ ತಿಳಿಯುತ್ತಿತ್ತು, ಉಳಿದದ್ದನ್ನು ನಾನು ಹೇಳುತ್ತಿದ್ದೆ. ಜನರನ್ನು ವಾಹನದಿಂದ ಇಳಿಸುವ ದೃಶ್ಯ ಬಂದಾಗ ಅವರು “ನಿಲ್ಲಸು” ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು:

“ರಾತ್ರಿ ಗುಂಡಿನ ಸಪ್ಪಳ ಕೇಳಿತಂದ್ರ ಮಂದಿ ಕೂಸು, ಆಡು, ಚಾಪಿ ಹಿಡಕೊಂಡು ನಮ್ಮ ತಂತಿಬೇಲಿ ಹತ್ರ ಬಂದು ಮಲಗತಿದ್ರು ತಮ್ಮಾ. ನಾವು ಒಳಗ, ಅವರು ಹೊರಗ. ನಡುವ ಒಂದ ತಂತಿ. ಗೇಟ್ ತೆಗಿಯೂದು ನನ್ನ ಕೈಯಾಗ ಇರಲಿಲ್ಲ. ಲೈಟ್ ಅಷ್ಟ ಅವರ ಕಡೆ ತಿರುಗಿಸಿ ಇಡತಿದ್ದೆ. ಬೆಳಕ ಇದ್ರ ಯಾರೂ ಹತ್ರ ಬರಂಗಿಲ್ಲ ಅಂತ.”

ಆಮೇಲೆ ಕೇಳಿದರು: “ಅಷ್ಟ ಮಾಡಿದ್ದು ಸಾಕಾಗಿತ್ತೇನು?”

ನನಗೆ ಉತ್ತರ ಹೇಳಲು ಬರಲಿಲ್ಲ. ಇಷ್ಟು ವರ್ಷ ಈ ಪ್ರಶ್ನೆಯನ್ನು ಅವರು ಒಬ್ಬರೇ ಇಟ್ಟುಕೊಂಡಿದ್ದರು. ಆಗಸ್ಟ್ ಹದಿನೈದಕ್ಕೆ ನಾವು ಶಾಲೆಗೆ ಕರೆದು ಹಾರ ಹಾಕುತ್ತೇವೆ, ಮಕ್ಕಳ ಕೈಯಲ್ಲಿ ಚಪ್ಪಾಳೆ ಹೊಡೆಸುತ್ತೇವೆ, ಭಾಷಣಕ್ಕೆ ಎರಡು ನಿಮಿಷ ಕೊಡುತ್ತೇವೆ. ಎರಡು ನಿಮಿಷದಲ್ಲಿ ತಂತಿಬೇಲಿಯ ಮಾತು ಹೇಳಲಿಕ್ಕಾಗುವುದಿಲ್ಲ.

ಹಾಗಾದರೆ ನಾವು ಏನು ಮಾಡಬೇಕು

ಸೈನಿಕರ ಸೀರೀಸು ನೋಡಬೇಡಿ ಅಂತ ನಾನು ಹೇಳುತ್ತಿಲ್ಲ. ನೋಡುವಾಗ ಎರಡು ಪ್ರಶ್ನೆ ಇಟ್ಟುಕೊಂಡು ನೋಡಿ. ಈ ಸೈನಿಕನಿಗೆ ಹುಕುಂ ಏನಿತ್ತು, ಕೊಟ್ಟವರು ಯಾರು? ಮನೆಗೆ ಬಂದ ಮೇಲೆ ಇವನಿಗೆ ಏನಾಯಿತು? ಈ ಎರಡಕ್ಕೂ ಉತ್ತರ ಕೊಡುವ ಕತೆ ಸಿಕ್ಕರೆ ಅದನ್ನು ಸ್ಟೇಟಸ್ಸಿಗೆ ಹಾಕಿ.

ಇದೇ ಪ್ರಶ್ನೆಯನ್ನು ಸೀರೀಸಿನ ಹೊರಗೂ ಕೇಳಬಹುದು. ಓಟು ಕೇಳಲು ಬರುವವರು ಸೈನಿಕರ ಹೆಸರು ಹೇಳಿ ಜೈಕಾರ ಹಾಕಿಸುತ್ತಾರಲ್ಲ, ಅವರನ್ನು ಕೇಳಿ: ನಮ್ಮ ಮಕ್ಕಳನ್ನು ಪರದೇಶಕ್ಕೆ ಕಾವಲಿಗೆ ಕಳಿಸುವಾಗ ಎಷ್ಟು ಬಲ, ಎಷ್ಟು ಅಧಿಕಾರ ಕೊಟ್ಟು ಕಳಿಸುತ್ತೀರಿ? ಇದನ್ನು ಲೋಕಸಭೆಯಲ್ಲಿ ಕೇಳುವ ಹಕ್ಕು ನಮ್ಮ ಸಂಸದರಿಗೆ ಇದೆ.

ಇನ್ನು ನಿಮ್ಮ ಮನೆಯಲ್ಲೋ ಓಣಿಯಲ್ಲೋ ಸೇನೆಯಿಂದ ಬಂದವರು ರಾತ್ರಿ ನಿದ್ದೆ ಮಾಡುತ್ತಿಲ್ಲ, ಯಾರ ಜೊತೆಯೂ ಸೇರುತ್ತಿಲ್ಲ, ಕುಡಿತ ಹೆಚ್ಚಾಗಿದೆ ಅಂತ ಕಂಡರೆ “ಮಿಲಿಟರಿಯವರು ಹಂಗ” ಅಂತ ಬಿಟ್ಟುಬಿಡಬೇಡಿ. 14416 ಎಂಬುದು ಟೆಲಿ ಮಾನಸ್ ಸಹಾಯವಾಣಿ. ಕರೆ ಉಚಿತ, ಕನ್ನಡದಲ್ಲಿ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದರ ಹಿಂದಿದೆ. ಮಾಜಿ ಸೈನಿಕರಿಗೆ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿ, ಇಸಿಎಚ್‌ಎಸ್ ಆಸ್ಪತ್ರೆ ಸೌಲಭ್ಯವೂ ಉಂಟು. ಅದಕ್ಕೂ ಮೊದಲು ಪಕ್ಕದಲ್ಲಿ ಕೂತು ಕೇಳುವವರು ಒಬ್ಬರು ಬೇಕು. “ಎಷ್ಟು ಜನರನ್ನು ಹೊಡೆದಿರಿ, ಎಷ್ಟು ಜನರನ್ನು ಉಳಿಸಿದಿರಿ” ಅಂತ ಕೇಳಬೇಡಿ. “ಅಲ್ಲಿ ಹೇಗಿತ್ತು” ಅಂತ ಕೇಳಿ, ಮತ್ತೆ ಸುಮ್ಮನಿರಿ.

ಮೊನ್ನೆ ಕಟ್ಟೆಯ ಮೇಲೆ ಅದೇ ಹುಡುಗರಿಗೆ ನಾನು ಅಹ್ಮಿಚಿಯ ಕತೆ ಹೇಳಿದೆ. ಕಾಕಾ ಬಂದು ಕೂತಾಗ ಅವರಲ್ಲೊಬ್ಬ ಫೋನು ಕಿಸೆಗೆ ಹಾಕಿಕೊಂಡು ಕೇಳಿದ: “ಕಾಕಾ, ಅಲ್ಲೆ ನಿಮಗ ಹುಕುಂ ಏನಿತ್ರಿ?”

ಕಾಕಾ ಅವತ್ತು ಎದ್ದು ಹೋಗಲಿಲ್ಲ. ಲೈಟ್ ಕಂಬ ಹತ್ತುವವರೆಗೂ ಮಾತಾಡಿದರು.

ನಿಮ್ಮೂರಲ್ಲೂ ನೀಲಿ ಟೊಪ್ಪಿಗೆಯ ಫೋಟೋ ಇರುವ ಮನೆ ಒಂದಿದ್ದೀತು. ಹೋಗಿ ಕೂತು ಕೇಳಿ. ಅವರು ಒಪ್ಪಿದರೆ ಬರೆದು ನಮಗೂ ಕಳಿಸಿ.